ತೆಗೆದದ್ದನ್ನು ಕೊಟ್ಟು ಬನ್ನಿ

ಮಕ್ಕಳೇ,

ಮೊನ್ನೆ ನೀವು ನಾಲ್ವರೂ ನಮ್ಮ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕೂತು, ಮೊಬೈಲಿನಲ್ಲಿ ಮೆಟ್ರೊ ನಕ್ಷೆಯನ್ನು ಹಿಗ್ಗಿಸಿ ಕುಗ್ಗಿಸಿ ನೋಡುತ್ತಿದ್ದಿರಿ. ರಾಜಾಜಿನಗರದಲ್ಲಿ ಹಸಿರು ಮಾರ್ಗದ ರೈಲು ಹತ್ತುವುದು, ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು ಹೂವಿನ ಫೋಟೊ ತೆಗೆಯುವುದು, ಮತ್ತೆ ರೈಲು ಹತ್ತಿ ಲಾಲ್‌ಬಾಗಿಗೆ ಹೋಗುವುದು ಎಂದು ಮಾತಾಯಿತು. ಅಷ್ಟರಲ್ಲಿ ಕನ್ನಡಕದ ಹುಡುಗ ನನ್ನ ಕಡೆ ತಿರುಗಿ, "ಅಜ್ಜಿ, ನೀವು ಅಷ್ಟು ವರ್ಷ ಸ್ಟುಡಿಯೊದಲ್ಲಿ ಇದ್ದೋರು, ನಮಗೇನಾದ್ರೂ ಟಿಪ್ಸ್ ಕೊಡಿ" ಎಂದ. ಒಲೆಯ ಮೇಲೆ ಹಾಲಿತ್ತು. ಎರಡು ಮಾತು ಹೇಳಿ ಒಳಗೆ ಹೋದೆ. ನೀವು ಕಾಫಿ ಕುಡಿದು ಹೊರಟಮೇಲೆ, ಹೇಳದೆ ಉಳಿದ ಮಾತುಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಅವನ್ನು ಇಲ್ಲಿ ಬರೆದಿದ್ದೇನೆ. ಹೊರಡುವ ಮುಂಚೆ ಒಬ್ಬರು ಓದಿ, ಉಳಿದವರು ಕೇಳಿಸಿಕೊಳ್ಳಿ.

ನಿಮ್ಮ ತಾತನ ಸ್ಟುಡಿಯೊ ಚಾಮರಾಜಪೇಟೆಯಲ್ಲಿತ್ತು. ಮುಂದೆ ಗಾಜಿನ ಶೋಕೇಸ್, ನಡುವೆ ಮೆಟ್ಟಿಲು ಮತ್ತು ಹೂದೋಟ ಬರೆದ ಪರದೆ, ಹಿಂದೆ ಒಬ್ಬರು ತಿರುಗಾಡುವಷ್ಟು ಜಾಗದ ಡಾರ್ಕ್‌ರೂಮ್. ಕ್ಯಾಮೆರಾ ಅವರ ಕೈಯಲ್ಲಿ, ಡಾರ್ಕ್‌ರೂಮ್ ನನ್ನ ಕೈಯಲ್ಲಿ. ಕೆಂಪು ಬಲ್ಬಿನ ಕೆಳಗೆ ಪ್ರಿಂಟ್ ಹಾಕುವುದು, ತೊಳೆಯುವುದು, ಒಣಗಿಸುವುದು, ಆಮೇಲೆ ಪೆನ್ಸಿಲಿನ ಮೊನೆಯನ್ನು ಸೂಜಿಯ ಹಾಗೆ ಹೆರೆದುಕೊಂಡು ನೆಗೆಟಿವ್ ಮೇಲೆ ಟಚಿಂಗ್ ಮಾಡುವುದು. ಬೆಂಗಳೂರಿನ ಎಷ್ಟೋ ಮುಖಗಳನ್ನು ನಾನು ಮೊದಲು ಕಂಡದ್ದು ನೆಗೆಟಿವ್‌ನಲ್ಲೇ. ಕೂದಲು ಬೆಳ್ಳಗೆ, ಹಲ್ಲು ಕಪ್ಪಗೆ. ಹಾಗೆ ನೋಡಿ ನೋಡಿ ಒಂದು ಅಭ್ಯಾಸವಾಯಿತು. ಮುಖ ಚೆಂದವೋ ಅಲ್ಲವೋ ಎನ್ನುವುದಕ್ಕಿಂತ, ಆ ಮುಖದ ಮೇಲೆ ಬೆಳಕು ಎಲ್ಲಿಂದ ಬಂದು ಎಲ್ಲಿ ನಿಂತಿದೆ ಎನ್ನುವುದು ಮೊದಲು ಕಣ್ಣಿಗೆ ಬೀಳುತ್ತಿತ್ತು. ನಿಮಗೂ ಅದೇ ಅಭ್ಯಾಸವಾಗಲಿ ಎಂಬುದು ನನ್ನ ಆಸೆ.

ಮೊದಲು ದಿನದ ಮಾತು. ನೀವು ಭಾನುವಾರ ಹೋಗೋಣ ಎಂದಿರಿ. ನಾನು ಶನಿವಾರ ಹೋಗಿ ಎನ್ನುತ್ತೇನೆ. ಭಾನುವಾರ ಮೆಟ್ರೊ ಓಡಾಟ ಶುರುವಾಗುವುದೇ ಬೆಳಿಗ್ಗೆ 7ಕ್ಕೆ. ಹೂವಿನ ಮಾರುಕಟ್ಟೆ ಅಷ್ಟು ಹೊತ್ತಿಗೆ ಅರ್ಧ ದಿನದ ಕೆಲಸ ಮುಗಿಸಿರುತ್ತದೆ. ಶನಿವಾರವಾದರೆ 5ರ ಹೊತ್ತಿಗೇ ರೈಲು ಸಿಗುತ್ತದೆ. ಕತ್ತಲಿರುವಾಗಲೇ ನೀವು ಅಲ್ಲಿರಬಹುದು. ಬಲ್ಬಿನ ಹಳದಿ ಬೆಳಕಿನಲ್ಲಿ ಸೇವಂತಿಗೆಯ ರಾಶಿ ಹೇಗಿರುತ್ತದೆ, ಆಕಾಶ ನೀಲಿಗೆ ತಿರುಗಿದಾಗ ಅದೇ ರಾಶಿ ಹೇಗಾಗುತ್ತದೆ, ಬಿಸಿಲು ಬಿದ್ದಮೇಲೆ ಹೇಗೆ ಕಾಣುತ್ತದೆ ಎಂಬ ಮೂರು ಬೆಳಕನ್ನೂ ಒಂದೇ ಜಾಗದಲ್ಲಿ ನೋಡಬಹುದು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ಬಂತು. ಅಲ್ಲಿಯವರೆಗೆ ಈ ಊರಿನ ರಾತ್ರಿಗೆಲ್ಲ ಎಣ್ಣೆದೀಪವೇ. ಬಲ್ಬಿನ ಕೆಳಗೆ ಹೂವು ಮಾರುವವರನ್ನು ಕಂಡಾಗ ಈ ಮಾತು ನೆನಪಿರಲಿ. ಬೆಳಕು ಪುಕ್ಕಟೆ ಸಿಗುವುದು ಹಗಲಿಗೆ ಮಾತ್ರ. ಇರುಳಿಗೆ ಅದನ್ನು ಯಾರೋ ದುಡಿದು ತಂದಿದ್ದಾರೆ.

ಬೆಳಕಿಗೆ ಕಾಯಬೇಕು. ಗವಿಪುರದ ಗಂಗಾಧರೇಶ್ವರನ ಗುಡಿಯನ್ನು ನೀವೆಲ್ಲ ನೋಡಿದ್ದೀರಿ. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಗವಿಯೊಳಗಿನ ಲಿಂಗದ ಮೇಲೆ ಬೀಳುತ್ತದೆ. ಅದನ್ನು ಕಟ್ಟಿಸಿದವರು ಬೆಳಕಿನ ದಾರಿಯನ್ನು ಎಷ್ಟು ದಿನ ಕಾದು ನೋಡಿರಬೇಕು ಎಂದು ಯೋಚಿಸಿ. ಒಂದು ಮೂಲೆಯ ಬೆಳಕು ಸರಿಯಿಲ್ಲ ಎನಿಸಿದರೆ ಮುಂದಿನ ಮೂಲೆಗೆ ಓಡಬೇಡಿ. ಹತ್ತು ನಿಮಿಷ ನಿಂತುಕೊಳ್ಳಿ. ಬೆಳಕು ತಾನಾಗಿ ನಡೆದು ಬರುತ್ತದೆ.

ಎರಡನೆಯದು ಲೆಕ್ಕ. ನಮ್ಮ ಯಾಷಿಕಾ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಚಿತ್ರ. ಊಟಿಯಲ್ಲಿ ತಯಾರಾಗುತ್ತಿದ್ದ 'ಇಂದು' ಫಿಲ್ಮ್ ತರಿಸುತ್ತಿದ್ದೆವು. ಅದು ಮುಗಿದರೆ ಮುಂದಿನ ಸರಬರಾಜು ಬರುವ ತನಕ ಕೈಕಟ್ಟಿ ಕೂರಬೇಕಿತ್ತು. ಹಾಗಾಗಿ ತಾತ ಬಟನ್ ಒತ್ತುವ ಮುಂಚೆ ಒಂದು ಸಲ ಉಸಿರು ಬಿಗಿಹಿಡಿಯುತ್ತಿದ್ದರು. ಆ ಒಂದು ಉಸಿರಿನಲ್ಲಿ ಅವರು ಮುಖ ನೋಡುತ್ತಿದ್ದರು, ಅಂಚು ನೋಡುತ್ತಿದ್ದರು, ಹಿಂದೆ ಏನಿದೆ ನೋಡುತ್ತಿದ್ದರು. ನಿಮ್ಮ ಮೊಬೈಲಿನಲ್ಲಿ ಸಾವಿರ ಹಿಡಿಸುತ್ತದೆ, ಆದರೆ ಆ ಉಸಿರಿಗೆ ಅಲ್ಲಿ ಜಾಗವಿಲ್ಲ. ಈ ಶನಿವಾರ ನಿಮಗೆ ನೀವೇ ಒಂದು ಕಟ್ಟುಪಾಡು ಹಾಕಿಕೊಳ್ಳಿ. ತಲೆಗೆ 12 ಚಿತ್ರ, ಒಂದೂ ಹೆಚ್ಚಿಲ್ಲ. ಒಂದನ್ನು ತೆಗೆದು ಅಳಿಸಿದರೂ ಅದು ಲೆಕ್ಕಕ್ಕೆ ಸೇರಬೇಕು. ಮಧ್ಯಾಹ್ನದ ಹೊತ್ತಿಗೆ ಯಾರ ಕೈಯಲ್ಲಿ ಇನ್ನೂ ನಾಲ್ಕು ಉಳಿದಿರುತ್ತವೋ ಅವರು ಆ ದಿನ ಚೆನ್ನಾಗಿ ನೋಡಿದ್ದಾರೆ ಎಂದು ತಿಳಿಯಿರಿ.

ಇನ್ನು ರೈಲಿನ ಮಾತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೊ ಓಡಿತು. ನೀವು ಹೋಗುವ ನೆಲದಡಿಯ ದಾರಿ, ಸಂಪಿಗೆ ರಸ್ತೆಯಿಂದ ಮೆಜೆಸ್ಟಿಕ್, ಚಿಕ್ಕಪೇಟೆ, ಮಾರುಕಟ್ಟೆ ಹಾದು ದಕ್ಷಿಣಕ್ಕೆ ಸಾಗುವುದು, ತೆರೆದದ್ದು 2017ರ ಜೂನ್‌ನಲ್ಲಿ. ನನ್ನ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಕ್ಯಾಮೆರಾ ನೇತುಹಾಕಿಕೊಂಡು ನಸುಕಿಗೇ ಮಾರುಕಟ್ಟೆಗೆ ಹೊರಟರೆ ಬೀದಿಯ ಬಾಗಿಲುಗಳೆಲ್ಲ ತೆರೆದುಕೊಳ್ಳುತ್ತಿದ್ದವು. ನಾನು ಹೊರಡಲೇ ಇಲ್ಲ. ಮುಖಗಳೆಲ್ಲ ನನ್ನ ಹತ್ತಿರ ಬಂದವು, ನಾನಾಗಿ ಮುಖಗಳ ಹತ್ತಿರ ಹೋಗಲಿಲ್ಲ. ನೀವು ಹೋಗುತ್ತಿದ್ದೀರಿ, ಅದರಲ್ಲೂ ಇಬ್ಬರು ಹುಡುಗಿಯರು. ಈ ರೈಲು ನಿಮಗೆ ಕೊಟ್ಟಿರುವ ಈ ಧೈರ್ಯವನ್ನು ಹಗುರವಾಗಿ ಎಣಿಸಬೇಡಿ.

ರೈಲಿನ ಒಳಗೆ, ನಿಲ್ದಾಣದ ಒಳಗೆ ಚಿತ್ರ ತೆಗೆಯುವ ಮುಂಚೆ ಅಲ್ಲಿನ ಸಿಬ್ಬಂದಿಯನ್ನು ಕೇಳಿಕೊಳ್ಳಿ. ಬೇಡ ಎಂದರೆ ಅಲ್ಲಿಗೆ ಮುಗಿಯಿತು, ವಾದ ಬೇಡ. ಮೂರು ಕಾಲಿನ ಸ್ಟ್ಯಾಂಡ್ ಮನೆಯಲ್ಲೇ ಇರಲಿ. ಪ್ಲಾಟ್‌ಫಾರ್ಮಿನ ಹಳದಿ ಗೆರೆ ಅಂದಕ್ಕೆ ಹಾಕಿದ್ದಲ್ಲ. ಅದರ ಮೇಲಿನ ಉಬ್ಬುಗಳು ಕಣ್ಣು ಕಾಣದವರಿಗೆ ಕಾಲಿನ ಅಡಿಯಲ್ಲೇ ದಾರಿ ಹೇಳುತ್ತವೆ. ಅದರ ಮೇಲೆ ನಿಂತು ಫೋಟೊ ತೆಗೆಯುವವನು ಒಬ್ಬರ ದಾರಿಗೆ ಅಡ್ಡ ನಿಂತಂತೆ. ನಮ್ಮ ಮೆಟ್ರೊಗೆ ಕರೆಂಟು ಬರುವುದು ಮೇಲಿನ ತಂತಿಯಿಂದಲ್ಲ, ಹಳಿಯ ಪಕ್ಕದಲ್ಲೇ ಓಡುವ ಮೂರನೇ ಹಳಿಯಿಂದ. ಅದರಲ್ಲಿ 750 ವೋಲ್ಟ್ ಹರಿಯುತ್ತದೆ. ಮೊಬೈಲು ಜಾರಿ ಕೆಳಗೆ ಬಿದ್ದರೆ ಅದು ಬಿದ್ದಲ್ಲೇ ಇರಲಿ, ಸಿಬ್ಬಂದಿಯನ್ನು ಕರೆಯಿರಿ. ನೀವು ಬಗ್ಗಬಾರದು, ಇಳಿಯಬಾರದು. ಬರುವ ರೈಲಿನ ಎದುರು ಫ್ಲಾಶ್ ಹಾಕಬೇಡಿ. ನಡೆಸುವವರ ಕಣ್ಣಿಗೆ ಅದು ಚುಚ್ಚುತ್ತದೆ, ಆ ಕಣ್ಣಿನ ಹಿಂದೆ ನೂರಾರು ಜೀವಗಳಿರುತ್ತವೆ.

ಆ ಮೂರನೇ ಹಳಿಯಿಂದ ನಿಮಗೊಂದು ಲಾಭವೂ ಇದೆ. ಹಳಿಯ ಮೇಲೆ ತಂತಿಗಳ ಜಾಲವಿಲ್ಲ. ಎತ್ತರಿಸಿದ ದಾರಿಯಲ್ಲಿ ರೈಲು ಬರುವಾಗ ಅದರ ಹಿಂದಿನ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಮಾರುಕಟ್ಟೆ ನಿಲ್ದಾಣ ಬಿಟ್ಟ ರೈಲು ನ್ಯಾಷನಲ್ ಕಾಲೇಜು ತಲುಪುವ ಮುಂಚೆ ನೆಲದೊಳಗಿನಿಂದ ಮೇಲಕ್ಕೆ ಏರುತ್ತದೆ. ಆ ಹೊತ್ತಿಗೆ ಬಾಗಿಲಿನ ಗಾಜಿನ ಬಳಿ ನಿಂತಿರಿ. ಗಾಜಿನಲ್ಲಿ ಮೊದಲು ನಿಮ್ಮದೇ ಮುಖ ಕಾಣುತ್ತದೆ. ಒಂದೇ ಕ್ಷಣದಲ್ಲಿ ಹೊರಗಿನ ಬೆಳಕು ನುಗ್ಗಿ ನಿಮ್ಮ ಮುಖ ಅಳಿಸಿಹೋಗಿ ಊರು ಮೂಡುತ್ತದೆ. ಡೆವಲಪರ್ ತಟ್ಟೆಯಲ್ಲಿ ಬಿಳಿಯ ಕಾಗದದ ಮೇಲೆ ಚಿತ್ರ ಮೂಡುವುದನ್ನು ನಾನು ಸಾವಿರಾರು ಸಲ ನೋಡಿದ್ದೇನೆ. ಮೊದಲ ಸಲ ಮೆಟ್ರೊದಲ್ಲಿ ಹೀಗೆ ಮೇಲೆ ಬಂದಾಗ ಎದೆಯಲ್ಲಿ ಅದೇ ಜುಮ್ಮೆನ್ನುವಿಕೆ ಆಯಿತು. ಗಾಜಿನ ಪ್ರತಿಬಿಂಬ ಬೇಡವೆಂದರೆ ಲೆನ್ಸನ್ನು ಗಾಜಿಗೆ ತಾಗಿಸಿ ಹಿಡಿಯಿರಿ, ಸುತ್ತ ಒಂದು ಕಪ್ಪು ದುಪಟ್ಟಾ ಮರೆ ಮಾಡಿ.

ಆದರೆ ಆ ಕಿಟಕಿಯಿಂದ ಕಾಣುವುದನ್ನೆಲ್ಲ ತೆಗೆಯುವ ಹಕ್ಕು ನಮಗಿಲ್ಲ. ಮೆಟ್ರೊ ಬರುವ ಮುಂಚೆ ಮೂರನೇ ಮಹಡಿಯ ಜನ ತಮ್ಮ ತಾರಸಿಯನ್ನು ಮನೆಯ ಒಳಗಿನ ಕೋಣೆ ಎಂದೇ ತಿಳಿದಿದ್ದರು. ಅಲ್ಲಿ ಸಂಡಿಗೆ ಹಾಕುತ್ತಾರೆ, ಎಣ್ಣೆ ಹಚ್ಚಿದ ಕೂದಲನ್ನು ಬಿಸಿಲಿಗೆ ಹರಡಿ ಕೂರುತ್ತಾರೆ, ಲಂಗೋಟಿಯ ತಾತ ಸೂರ್ಯನಿಗೆ ಕೈ ಮುಗಿಯುತ್ತಾರೆ. ರೈಲು ನಮ್ಮನ್ನು ಅವರ ಎತ್ತರಕ್ಕೆ ಏರಿಸಿ ಅವರ ಮನೆಯೊಳಗೆ ಕಣ್ಣು ಹಾಯುವಂತೆ ಮಾಡಿದೆ. ಕಣ್ಣು ಹಾಯುವುದು ನಮ್ಮ ತಪ್ಪಲ್ಲ. ಕ್ಯಾಮೆರಾ ಎತ್ತಿದರೆ ಮಾತ್ರ ತಪ್ಪು ನಮ್ಮದೇ. ಸಂಡಿಗೆಯ ಸಾಲು ತೆಗೆಯಿರಿ, ಒಣಗುತ್ತಿರುವ ಕೂದಲು ಬೇಡ.

ಗಂಡುಮಕ್ಕಳಿಬ್ಬರೂ ಇದನ್ನು ಕಿವಿಗೊಟ್ಟು ಕೇಳಿ, ಹುಡುಗಿಯರೂ ಕೇಳಿ. 2025ರಲ್ಲಿ ಇದೇ ನಮ್ಮ ಮೆಟ್ರೊದಲ್ಲಿ ಓಡಾಡುವ ಹೆಣ್ಣುಮಕ್ಕಳ ಚಿತ್ರಗಳನ್ನು ಅವರಿಗೆ ತಿಳಿಯದಂತೆ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುತ್ತಿದ್ದರೆಂದು ಪೊಲೀಸರು ಪ್ರಕರಣ ದಾಖಲಿಸಿದರು. ಆ ಹೆಣ್ಣುಮಕ್ಕಳು ಕೆಲಸಕ್ಕೆ, ಕಾಲೇಜಿಗೆ ಹೊರಟವರು, ನಿಮ್ಮ ಹಾಗೆ. ಇಡೀ ದಿನ ದುಡಿದು ನಿದ್ದೆಗೆ ಜಾರಿದ ಮುಖ ಫೋಟೊಗೆ ಚೆನ್ನಾಗಿಯೇ ಇರುತ್ತದೆ, ನನಗೆ ಗೊತ್ತು. ಆದರೆ ಆ ಮುಖ ಆ ಹೊತ್ತಿನಲ್ಲಿ ಯಾರನ್ನೂ ಕಾವಲಿಗೆ ಇಟ್ಟಿರುವುದಿಲ್ಲ. ಕಾವಲಿಲ್ಲದ ಮನೆಗೆ ನುಗ್ಗಬಾರದು ಎನ್ನುವುದನ್ನು ನಿಮಗೆ ಯಾರೂ ಕಲಿಸಬೇಕಿಲ್ಲ. ಮುಖವೂ ಹಾಗೇ. ಕೇಳಿ ತೆಗೆಯಿರಿ. ಕೇಳಲು ಆಗದಿದ್ದರೆ ಕಣ್ಣಲ್ಲಿ ನೋಡಿ, ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮಾರುಕಟ್ಟೆಗೆ ಬನ್ನಿ. ನಿಲ್ದಾಣದಿಂದ ಮೇಲೆ ಬಂದ ತಕ್ಷಣ ಕ್ಯಾಮೆರಾ ತೆರೆಯಬೇಡಿ. ಮೊದಲು ಒಂದು ಸುತ್ತು ಬರಿಗೈಯಲ್ಲಿ ಹಾಕಿ. ಅಲ್ಲಿ ದಾರಿ ಮೂಟೆ ಹೊತ್ತವರದು. ಅವರು "ಸೈಡು, ಸೈಡು" ಎಂದು ಕೂಗುತ್ತಾ ಬರುತ್ತಾರೆ. ಬೆನ್ನ ಮೇಲೆ ಭಾರ ಇರುವವರಿಗೆ ತಲೆ ಎತ್ತಿ ನಿಮ್ಮನ್ನು ನೋಡುವುದಕ್ಕೆ ಆಗುವುದಿಲ್ಲ. ನೀವೇ ಸರಿಯಬೇಕು. ಮೇಲಿನ ಮಹಡಿಯ ಮೊಗಸಾಲೆಗೆ ಹತ್ತಿ ನಿಂತರೆ ಕೆಳಗೆ ಚೆಂಡುಹೂವಿನ ಕೇಸರಿ, ಸೇವಂತಿಗೆಯ ಹಳದಿ ಮತ್ತು ಬಿಳಿ, ಗುಲಾಬಿಯ ಕೆಂಪು, ನಡುನಡುವೆ ಕೂತ ತಲೆಗಳು, ಇಡೀ ಅಂಗಳ ಹರಡಿಟ್ಟ ರಂಗೋಲಿಯ ಹಾಗೆ ಕಾಣುತ್ತದೆ. ಎಲ್ಲರೂ ಅಲ್ಲಿಂದ ಒಂದು ತೆಗೆಯುತ್ತಾರೆ, ನೀವೂ ತೆಗೆಯಿರಿ. ಆಮೇಲೆ ಕೆಳಗಿಳಿದು ಬನ್ನಿ. ಮೇಲಿನಿಂದ ಬಣ್ಣ ಕಾಣುತ್ತದೆ, ಕೈ ಕಾಣುವುದಿಲ್ಲ. ಹೂ ಕಟ್ಟುವ ಕೈಯ ಹೆಬ್ಬೆರಳಲ್ಲಿ ನಾರು ಎಳೆದು ಎಳೆದು ಬಿದ್ದ ಗೀರು ಇರುತ್ತದೆ. ಅದನ್ನು ನೋಡಲು ಅವರ ಎದುರು ಕುಕ್ಕರಗಾಲಲ್ಲಿ ಕೂರಬೇಕು.

ಬೋಣಿಗೆ ಮುಂಚೆ ಯಾರನ್ನೂ ಮಾತಾಡಿಸಬೇಡಿ. ದಿನದ ಮೊದಲ ವ್ಯಾಪಾರ ಆಗುವ ತನಕ ಅವರ ಮನಸ್ಸು ದೇವರ ಕಡೆ, ದುಡ್ಡಿನ ಕಡೆ ಇರುತ್ತದೆ. ಒಂದು ಮೊಳ ಕೊಂಡುಕೊಳ್ಳಿ, ಚೌಕಾಸಿ ಮಾಡದೆ ಕೊಂಡುಕೊಳ್ಳಿ. ಆಮೇಲೆ "ಅಮ್ಮಾ, ನೀವು ಹೂ ಕಟ್ಟೋದನ್ನ ಒಂದು ಫೋಟೊ ತೆಗೀಲಾ?" ಎಂದು ಕೇಳಿ. ಅಲ್ಲಿ ತಮಿಳು, ತೆಲುಗು, ಉರ್ದು ಆಡುವವರು ಬಹಳ. ಭಾಷೆ ಬಾರದಿದ್ದರೆ ಕ್ಯಾಮೆರಾ ತೋರಿಸಿ ಹುಬ್ಬು ಏರಿಸಿದರೂ ಸಾಕು, ಅರ್ಥವಾಗುತ್ತದೆ. ಬೇಡ ಎಂದರೆ ನಕ್ಕು ಕೈ ಮುಗಿದು ಮುಂದೆ ಹೋಗಿ. ಸರಿ ಎಂದರೆ ತಕ್ಷಣ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ. ಹೊಸಬರು ಅದನ್ನು ಕಂಡು ಬೇಸರಪಟ್ಟು, "ಅಯ್ಯೋ, ಹಾಗಲ್ಲ, ಸುಮ್ಮನೆ ಕೆಲಸ ಮಾಡ್ತಾ ಇರಿ" ಎನ್ನುತ್ತಾರೆ. ನೀವು ಹಾಗೆನ್ನಬೇಡಿ. ಅವರು ಹೇಗೆ ಕಾಣಬೇಕೆಂದು ಬಯಸುತ್ತಾರೋ ಹಾಗೆ ಮೊದಲು ಒಂದು ತೆಗೆಯಿರಿ, ಅದು ಅವರಿಗೆ. ಅವರು ಮತ್ತೆ ಹೂವಿನ ಕಡೆ ತಿರುಗಿದಮೇಲೆ ಒಂದು ತೆಗೆಯಿರಿ, ಅದು ನಿಮಗೆ.

ನಿಮ್ಮನಿಮ್ಮೊಳಗಿನ ಮಾತು ಒಂದಿದೆ. ನಿಮ್ಮಲ್ಲಿ ಒಬ್ಬನ ಹತ್ತಿರ ದೊಡ್ಡ ಕ್ಯಾಮೆರಾ ಇದೆ. ಇನ್ನೊಬ್ಬಳ ಮೊಬೈಲಿನ ಗಾಜು ಒಡೆದಿದೆ, ನಾನು ನೋಡಿದೆ. ಅವಳು ಅದನ್ನು ಅಂಗೈಯಲ್ಲಿ ಮರೆಮಾಡಿ ಹಿಡಿದದ್ದನ್ನೂ ನೋಡಿದೆ. ಗೆಳೆತನದಲ್ಲಿ ಹೊರಟಮೇಲೆ ಅಂಥ ಮರೆ ಇರಬಾರದು. ದೊಡ್ಡ ಕ್ಯಾಮೆರಾದವನು ಅರ್ಧ ಗಂಟೆ ಅದನ್ನು ಅವಳ ಕೈಗೆ ಕೊಡಲಿ, ಅವಳ ಮೊಬೈಲಿನಲ್ಲಿ ತಾನು ತೆಗೆಯಲಿ. ಕ್ಯಾಮೆರಾ ಬದಲಾದರೂ ಕಣ್ಣು ಬದಲಾಗುವುದಿಲ್ಲ ಎಂದು ಇಬ್ಬರಿಗೂ ತಿಳಿಯುತ್ತದೆ. ಇನ್ನೊಂದು ಮಾಡಿ. ಎಲ್ಲಾದರೂ ಒಂದು ಜಾಗ ಆರಿಸಿ ನಾಲ್ವರೂ ಅಲ್ಲೇ ನಿಂತು ಒಂದೊಂದು ಚಿತ್ರ ಮಾತ್ರ ತೆಗೆಯಿರಿ. ಒಬ್ಬರದನ್ನು ಒಬ್ಬರು ಆಗಲೇ ನೋಡಬೇಡಿ. ಗಾಂಧಿ ಬಜಾರಿನಲ್ಲಿ ತಿಂಡಿ ತಿನ್ನಲು ಕೂತಾಗ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಡಿ. ಒಬ್ಬಳು ಕಂಬ ಕಂಡಿರುತ್ತಾಳೆ, ಒಬ್ಬ ಕಂಬದ ನೆರಳು ಕಂಡಿರುತ್ತಾನೆ, ಇನ್ನೊಬ್ಬರು ಆ ನೆರಳಲ್ಲಿ ಮಲಗಿದ ನಾಯಿ ಕಂಡಿರುತ್ತಾರೆ. ಯಾವುದು ಚೆನ್ನಾಗಿದೆ ಎಂದು ಅಂಕ ಹಾಕಬೇಡಿ. "ನನಗೆ ಇದು ಕಾಣಲೇ ಇಲ್ಲವಲ್ಲ" ಎನ್ನುವ ಮಾತು ನಿಮ್ಮ ಬಾಯಲ್ಲಿ ಬರಲಿ. ಗೆಳೆಯರ ಜೊತೆ ಹೋಗುವುದೇ ಆ ಮಾತಿಗೋಸ್ಕರ. ನಡೆಯುವಾಗ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ ಇರಲಿ. ಉಳಿದವರು ಆ ಹೆಜ್ಜೆಗೆ ಹೆಜ್ಜೆ ಹಾಕಿ. ಹಾಗೆ ನಡೆದರೆ ಯಾರೂ ಕಳೆದುಹೋಗುವುದಿಲ್ಲ, ಕಣ್ಣಿಗೆ ಬೀಳುವುದೂ ಹೆಚ್ಚು.

ಲಾಲ್‌ಬಾಗಿನ ಪಶ್ಚಿಮದ ಬಾಗಿಲು ಮೆಟ್ರೊ ನಿಲ್ದಾಣದ ಹತ್ತಿರವೇ ಇದೆ. ಹೈದರಾಲಿ 1760ರಲ್ಲಿ ಶುರುಮಾಡಿಸಿದ ತೋಟ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಅಲ್ಲಿ ಎಲ್ಲರೂ ಚಿತ್ರ ತೆಗೆಯುತ್ತಾರೆ, ನೀವೂ ತೆಗೆಯುತ್ತೀರಿ, ಅದಕ್ಕೆ ನನ್ನ ಮಾತು ಬೇಕಿಲ್ಲ. ನನ್ನ ಮಾತು ಬಂಡೆಗೆ. ಕೆಂಪೇಗೌಡರ ಗೋಪುರ ಇರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎನ್ನುತ್ತಾರೆ ಭೂವಿಜ್ಞಾನಿಗಳು. ಅದರ ಮೇಲೆ ಹತ್ತಿದಾಗ ಕ್ಯಾಮೆರಾಗಳನ್ನು ಚೀಲಕ್ಕೆ ಹಾಕಿ, ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಕಾಲು ಗಂಟೆ ಸುಮ್ಮನೆ ಕೂತುಕೊಳ್ಳಿ. ಅಂಗಾಲಿಗೆ ಕಲ್ಲಿನ ತಂಪು ತಾಗಲಿ. ಒಂದು ಜಾಗವನ್ನಾದರೂ ಚಿತ್ರ ತೆಗೆಯದೆ ಬಿಟ್ಟು ಬನ್ನಿ. ಆ ಜಾಗದ ನೆನಪು ನಿಮ್ಮ ನಾಲ್ವರಲ್ಲಿ ಮಾತಿನ ರೂಪದಲ್ಲಿ ಉಳಿಯುತ್ತದೆ. ವರ್ಷಗಳು ಕಳೆದಮೇಲೆ "ಅವತ್ತು ಬಂಡೆಯ ಮೇಲೆ ಕೂತಿದ್ದೆವಲ್ಲ" ಎಂದು ಒಬ್ಬರು ಶುರುಮಾಡಿದರೆ ಉಳಿದ ಮೂವರು ಸೇರಿ ಅದನ್ನು ಪೂರ್ತಿ ಮಾಡಬೇಕು.

ಊರು ಬದಲಾಗುತ್ತಲೇ ಇರುತ್ತದೆ. ನಿಮ್ಮ ತಾತ ನನ್ನನ್ನು ಎಂ.ಜಿ. ರಸ್ತೆಯ ಬುಲೆವಾರ್ಡಿಗೆ ಕರೆದುಕೊಂಡು ಹೋಗುತ್ತಿದ್ದರು. ಮರದ ನೆರಳಲ್ಲಿ ನಡೆಯುವ ಉದ್ದನೆಯ ದಾರಿ. ಮೆಟ್ರೊ ಕಟ್ಟುವಾಗ ಆ ಮರಗಳು ಹೋದವು. ಅದೇ ಜಾಗದಲ್ಲಿ 2013ರಲ್ಲಿ ರಂಗೋಲಿ ಕಲಾಕೇಂದ್ರ ತೆರೆಯಿತು. ಈಗ ಮಕ್ಕಳು ಅಲ್ಲಿ ಚಿತ್ರಪ್ರದರ್ಶನ ನೋಡುತ್ತಾರೆ. ನಿಮ್ಮನ್ನು ಹೊತ್ತೊಯ್ಯುವ ರೈಲಿನ ಕಂಬಗಳಿಗೆ ಜಾಗ ಬಿಟ್ಟವರಲ್ಲಿ ಮರಗಳೂ ಇದ್ದವು, ಮನೆಗಳೂ ಇದ್ದವು. ಮರಗಳ ಕೆಳಗೆ ನಾವು ನಿಂತ ಒಂದು ಚಿತ್ರ ನನ್ನ ಹತ್ತಿರ ಇದೆ. ಅವತ್ತು ತೆಗೆಯುವಾಗ ಅದು ಸಾಧಾರಣ ಚಿತ್ರ. ಇವತ್ತು ಅದರಲ್ಲಿ ನಮ್ಮಿಬ್ಬರಿಗಿಂತ ಹಿಂದಿನ ಮರವನ್ನೇ ಹೆಚ್ಚು ಹೊತ್ತು ನೋಡುತ್ತೇನೆ. ಆದ್ದರಿಂದ ಸಾಧಾರಣವಾದದ್ದನ್ನು ತೆಗೆಯಿರಿ. ಅಂಗಡಿಯ ಬೋರ್ಡು, ಕೈಗಾಡಿ, ಸೈಕಲ್ಲಿನ ಹಿಂದೆ ಕಟ್ಟಿದ ಬುಟ್ಟಿ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಜೀವನವಿಡೀ ಇದನ್ನೇ ಮಾಡಿದರು. ದೊಡ್ಡವರ ಚಿತ್ರಗಳನ್ನೂ ತೆಗೆದರು, ಆದರೆ ಅವರ ಕಣ್ಣು ನಿಂತದ್ದು ಬೀದಿಯ ಜನರ ಮೇಲೆ, ಮಕ್ಕಳ ಮೇಲೆ. 1977ರಲ್ಲಿ ಅವರಿಗೆ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಗ್ರಂಥಾಲಯದಲ್ಲಿ ಅವರ ಪುಸ್ತಕ ಸಿಕ್ಕರೆ ನಾಲ್ವರೂ ಕೂತು ನೋಡಿ. ಆ ಮಕ್ಕಳು ಕ್ಯಾಮೆರಾಕ್ಕೆ ಹೆದರಿಲ್ಲ, ಅದನ್ನು ಗಮನಿಸಿ.

ಇಷ್ಟೆಲ್ಲ ಹೇಳಿದ್ದು ಒಂದು ಮಾತಿಗೆ ಬರುವುದಕ್ಕೆ. ಆ ಮಾತನ್ನು ನಾನು ನಿಮಗಿಂತ ಮುಂಚೆ ಬೇರೆ ಯಾರಿಗೂ ಹೇಳಿಲ್ಲ.

ನಮ್ಮ ಸ್ಟುಡಿಯೊದ ಮೆಟ್ಟಿಲ ಪಕ್ಕ ಒಬ್ಬಾಕೆ ಬುಟ್ಟಿ ಇಟ್ಟುಕೊಂಡು ಹೂ ಮಾರುತ್ತಿದ್ದರು. ನಾವೆಲ್ಲ 'ಹೂವಮ್ಮ' ಎಂದೇ ಕರೆಯುತ್ತಿದ್ದೆವು, ನಿಜವಾದ ಹೆಸರು ಕೇಳಿರಲಿಲ್ಲ. ಹೊಸ ಲೆನ್ಸ್ ಬಂದ ದಿನ ತಾತ ಪರೀಕ್ಷೆಗೆಂದು ಆಕೆಯನ್ನು ಒಳಗೆ ಕರೆದು ಕೂರಿಸಿ ಒಂದು ಚಿತ್ರ ತೆಗೆದರು. ಪಕ್ಕದ ಕಿಟಕಿಯ ಬೆಳಕು, ಮೂಗುಬೊಟ್ಟಿನ ಮೇಲೆ ಒಂದು ಮಿಂಚು. ಅಷ್ಟು ಚೆನ್ನಾಗಿ ಬಂದಿತ್ತು ಎಂದರೆ ದೊಡ್ಡದು ಮಾಡಿ ಶೋಕೇಸಿನಲ್ಲಿ ಇಟ್ಟೆವು. ಅದನ್ನು ನೋಡಿಯೇ ಎಷ್ಟೋ ಗಿರಾಕಿಗಳು ಒಳಗೆ ಬಂದರು. ಆಕೆ ದಿನಾ ಸಂಜೆ ಬುಟ್ಟಿ ಎತ್ತುವಾಗ ಗಾಜಿನ ಒಳಗಿನ ತನ್ನ ಮುಖವನ್ನು ಒಮ್ಮೆ ನೋಡಿ ಹೋಗುತ್ತಿದ್ದರು. ಒಂದು ದಿನ, "ಅಮ್ಮಾ, ನನಗೂ ಒಂದು ಕೊಡ್ತೀರಾ, ಮನೇಲಿ ಇಟ್ಕೋತೀನಿ" ಎಂದರು. "ಅದಕ್ಕೇನಂತೆ, ನಾಳೆ ಹಾಕಿಕೊಡ್ತೀನಿ" ಎಂದೆ. ಮದುವೆಗಳ ಕಾಲ, ಆರ್ಡರುಗಳ ರಾಶಿ. ನಾಳೆ ಎನ್ನುವುದು ಮರುನಾಳೆಯಾಯಿತು. ಆಕೆ ಮತ್ತೆ ಒಂದೇ ಒಂದು ಸಲ ಕೇಳಿದರು. ಆಮೇಲೆ ಕೇಳಲಿಲ್ಲ.

ಎರಡು ಮೂರು ವರ್ಷ ಕಳೆದಿತ್ತು. ಬುಟ್ಟಿಯ ಜಾಗ ಖಾಲಿಯಾಗಿ ಎರಡು ವಾರವಾದಾಗ ಆಕೆಯ ಮಗ ಬಂದ. ತಾಯಿ ತೀರಿಕೊಂಡಿದ್ದರು. ತಿಥಿಗೆ ಇಡಲು ಮನೆಯಲ್ಲಿ ಒಂದೂ ಫೋಟೊ ಇರಲಿಲ್ಲ. "ನಿಮ್ಮ ಅಂಗಡೀಲಿ ಇದೆ ಅಂತ ಅವ್ವ ಹೇಳ್ತಿದ್ಲು" ಎಂದ. ನೆಗೆಟಿವ್ ಹುಡುಕಿದೆ. ಮಳೆಗಾಲದ ತೇವಕ್ಕೆ ಬೂಸು ಹಿಡಿದು ಒಂದಕ್ಕೊಂದು ಅಂಟಿದ ಕಟ್ಟಿನಲ್ಲಿ ಅದೂ ಹೋಗಿತ್ತು. ಶೋಕೇಸಿನ ಪ್ರಿಂಟ್ ಹೊರಗೆ ತೆಗೆದೆ. ಅರ್ಧ ಮುಖ ಕಂದುಹಳದಿಯಾಗಿ ಮಾಸಿಹೋಗಿತ್ತು. ಬಿಸಿಲಿನಿಂದ ಎಂದು ಯಾರಾದರೂ ಹೇಳಬಹುದು. ಆದರೆ ಕಾರಣ ನನಗೆ ಗೊತ್ತಿತ್ತು. ಮೂಡಿದ ಚಿತ್ರವನ್ನು ನಿಲ್ಲಿಸುವ ಹೈಪೊ ದ್ರಾವಣದಿಂದ ತೆಗೆದ ಪ್ರಿಂಟನ್ನು ಹರಿಯುವ ನೀರಿನಲ್ಲಿ ಒಂದು ಗಂಟೆಯಾದರೂ ತೊಳೆಯಬೇಕು. ಇಲ್ಲವಾದರೆ ಕಾಗದದಲ್ಲಿ ಉಳಿದ ಹೈಪೊ ಒಳಗೊಳಗೇ ಬೆಳ್ಳಿಯನ್ನು ತಿನ್ನುತ್ತದೆ. ಅವತ್ತು ನಲ್ಲಿಯಲ್ಲಿ ನೀರು ಕಡಿಮೆ ಇತ್ತು. ಶೋಕೇಸಿಗೆ ತಾನೇ, ಗಿರಾಕಿಗೆ ಅಲ್ಲವಲ್ಲ ಎಂದು ಬಕೆಟ್ಟಿನಲ್ಲಿ ಎರಡು ಸಲ ಅದ್ದಿ ತೆಗೆದವಳು ನಾನೇ.

ಆ ರಾತ್ರಿ ಕೂತು ಸಣ್ಣ ಕುಂಚದಲ್ಲಿ ಆ ಮುಖವನ್ನು ಸರಿಮಾಡಿದೆ. ಕೆನ್ನೆ ತುಂಬಿದೆ, ಮಾಸಿದ ಕಡೆಯ ಕಣ್ಣನ್ನು ಈ ಕಡೆಯ ಕಣ್ಣು ನೋಡಿ ಬರೆದೆ. ಬೆಳಿಗ್ಗೆ ಮಗ ಬಂದು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಂಡ. ದುಡ್ಡು ಎಷ್ಟು ಎಂದು ಕೇಳಿದ. ನನ್ನ ಗಂಟಲಿನಿಂದ ಮಾತೇ ಹೊರಡಲಿಲ್ಲ. ಆ ಮನೆಯ ಗೋಡೆಯ ಮೇಲೆ ಇರುವ ಮುಖದಲ್ಲಿ ಒಂದು ಕಣ್ಣು ಆಕೆಯದು, ಇನ್ನೊಂದು ನಾನು ಬರೆದದ್ದು. ಕೇಳಿದಾಗಲೇ ಒಂದು ಪ್ರಿಂಟ್ ಹಾಕಿ ಕೊಟ್ಟಿದ್ದರೆ ಎರಡೂ ಆಕೆಯದೇ ಆಗಿರುತ್ತಿದ್ದವು.

ಫೋಟೊ 'ತೆಗೆಯುವುದು' ಎನ್ನುತ್ತೇವೆ. ತೆಗೆದುಕೊಂಡಮೇಲೆ ಕೊಡುವುದೊಂದು ಬಾಕಿ ಇರುತ್ತದೆ, ಅದನ್ನು ನಮ್ಮ ಮಾತೇ ಹೇಳುತ್ತದೆ. ಆಕೆಯ ಮುಖದಿಂದ ನಮ್ಮ ಅಂಗಡಿಗೆ ಗಿರಾಕಿ ಬಂದರು, ಆಕೆಗೆ ನಮ್ಮಿಂದ ಒಂದು ಕಾಗದವೂ ಹೋಗಲಿಲ್ಲ. ನೀವು ಆ ಸಾಲ ಹೊತ್ತುಕೊಂಡು ಓಡಾಡಬೇಡಿ. ಯಾರ ಚಿತ್ರ ತೆಗೆದಿರೋ ಅವರಿಗೆ ಅಲ್ಲೇ ಪರದೆಯ ಮೇಲೆ ತೋರಿಸುವುದು ಒಳ್ಳೆಯದೇ, ಆದರೆ ಅದು ಕೊಟ್ಟಂತೆ ಆಗುವುದಿಲ್ಲ. ಹೂವಿನ ಬುಟ್ಟಿಯ ಮುಂದೆ ಕೂತವರಲ್ಲಿ ಬಹಳ ಜನಕ್ಕೆ ಈಗಲೂ ತಮ್ಮದೊಂದು ಒಳ್ಳೆಯ ಚಿತ್ರ ಕಾಗದದ ಮೇಲೆ ಇರುವುದಿಲ್ಲ. ಇರುವುದು ಗುರುತಿನ ಚೀಟಿಯ ಮೇಲೆ, ಅದೂ ಬೆವರಿದ ಮುಖ. ಬಡಾವಣೆಯ ಯಾವ ಲ್ಯಾಬಿಗೆ ಹೋದರೂ ಪ್ರಿಂಟ್ ಹಾಕಿಕೊಡುತ್ತಾರೆ. ನಾಲ್ವರ ಒಂದು ಸಲದ ಕಾಫಿಯ ದುಡ್ಡಿನಲ್ಲಿ ಕೆಲಸ ಮುಗಿಯುತ್ತದೆ.

ದೂರದ ಊರಿಗೆ ಪ್ರವಾಸ ಹೋದವರು ತೆಗೆದ ಚಿತ್ರ ಕೊಡಲು ಮತ್ತೆ ಹೋಗಲಾರರು. ಅವರಿಗೆ ಆ ನೆಪ ಇದೆ. ನಿಮಗೆ ಇಲ್ಲ. ರಾಜಾಜಿನಗರದಿಂದ ಮಾರುಕಟ್ಟೆಗೆ ಎಷ್ಟು ನಿಲ್ದಾಣ? ಒಂದು ಕೈಯ ಬೆರಳಿಗೆ ಒಂದು ಹೆಚ್ಚು, ಅಷ್ಟೆ. ಅದೇ ಹಸಿರು ಮಾರ್ಗ, ಅದೇ ಕಾರ್ಡು. ಮುಂದಿನ ಶನಿವಾರ ಇನ್ನೊಂದು ಸಲ ಹತ್ತಿ. ಎರಡನೇ ಸಲ ಹೋದಾಗ ನೀವು ಹೊರಗಿನವರಾಗಿರುವುದಿಲ್ಲ. ಆಕೆ ಚಿತ್ರ ನೋಡಿ, ಪಕ್ಕದವರಿಗೆ ತೋರಿಸಿ, ಅವರು ಇನ್ನೊಬ್ಬರನ್ನು ಕರೆದು, ನಿಮಗೆ ಮೂಟೆಯ ಮೇಲೆ ಕೂರಲು ಜಾಗ ಮಾಡಿಕೊಡುತ್ತಾರೆ. ಮೊದಲ ಸಲ ಕಾಣದ ಮುಖ ಆಗ ಕಾಣುತ್ತದೆ. ಒಳ್ಳೆಯ ಚಿತ್ರ ಸಿಗುವುದು ಆ ಎರಡನೇ ಸಲಕ್ಕೇ, ಇದು ನಾನು ಬೇಕಾದರೆ ಬರೆದುಕೊಡುತ್ತೇನೆ.

ಕೊಡುವುದಕ್ಕೂ ಕ್ರಮ ಇದೆ. ಹೆಸರು ಕೇಳಿಕೊಳ್ಳಿ. ಪ್ರಿಂಟಿನ ಹಿಂದೆ ಹೆಸರು, ತಾರೀಖು, ಜಾಗ ಬರೆಯಿರಿ. ಒತ್ತಿ ಬರೆದರೆ ಮುಂದಿನ ಮುಖದ ಮೇಲೆ ಗೆರೆ ಏಳುತ್ತದೆ, ಹಗುರ ಕೈಯಲ್ಲಿ ಬರೆಯಿರಿ. ಹೂವಿನ ಅಂಗಡಿ ಸದಾ ಒದ್ದೆ. ಆದ್ದರಿಂದ ಪ್ಲಾಸ್ಟಿಕ್ ಕವರಿಗೆ ಹಾಕಿ, ಮಡಿಚದ ಹಾಗೆ ಒಂದು ರಟ್ಟು ಜೊತೆಗಿಡಿ. ಜನರ ನಡುವೆ ದಾನ ಕೊಟ್ಟ ಹಾಗೆ ಕೊಡಬೇಡಿ, ಕೊಡುವಾಗಿನ ಚಿತ್ರ ತೆಗೆಯಬೇಡಿ. ಬಲಗೈಯಲ್ಲಿ ಕೊಟ್ಟು, ಒಂದು ನಿಮಿಷ ನಿಂತು, ಬನ್ನಿ.

ಬರುವಾಗ ತಾತನ ಫೋಟೊಗೆ ಹಾಕಲು ಒಂದು ಮೊಳ ಸೇವಂತಿಗೆ ತನ್ನಿ. ಯಾರ ಹತ್ತಿರ ಕೊಂಡಿರಿ, ಅವರ ಹೆಸರೇನು ಎಂದು ಕೇಳುತ್ತೇನೆ.

ನಿಮ್ಮ ಅಜ್ಜಿ